ಬಡ್ಡಿಯ ಹಳಿ, ಬರದ ಹಳಿ

ತೆಲುಗಿನಲ್ಲಿ ಪೊಗಬಂಡಿ, ಕನ್ನಡದಲ್ಲಿ ಹೊಗೆಬಂಡಿ. ಎರಡೂ ಭಾಷೆಯಲ್ಲಿ ಪದ್ಯ ಬರೆಯೋ ನನಗೆ ಹೆಸರಿನ ತಕರಾರಿಲ್ಲ. ತಕರಾರು ಇರೋದು ಹಳಿ ಎಲ್ಲಿಗೆ ಬೇಗ ಹೋಯ್ತು, ಎಲ್ಲಿಗೆ ತಡವಾಯ್ತು ಅನ್ನೋದರಲ್ಲಿ.

1853ರ ಏಪ್ರಿಲ್ 16ರಂದು ಮುಂಬಯಿಯಿಂದ ಠಾಣೆಗೆ 34 ಕಿಲೋಮೀಟರ್ ಓಡಿದ ಗಾಡಿ, ಹದಿನೆಂಟೇ ವರ್ಷದಲ್ಲಿ ಭೋರ್ ಘಾಟ್ ದಾಟಿ, ರಾಯಚೂರಿನಲ್ಲಿ ಮದರಾಸಿನ ಹಳಿಗೆ ಕೂಡಿತು. ಈ ಅವಸರ ಪ್ರಜೆಗಳ ಮೇಲಿನ ಪ್ರೀತಿಯಿಂದಲ್ಲ. ಇಂಗ್ಲೆಂಡಿನ ಕಂಪನಿಗಳಿಗೆ ಸರ್ಕಾರ ನೂರಕ್ಕೆ 5ರಂತೆ ಬಡ್ಡಿಯ ಖಾತರಿ ಕೊಟ್ಟಿತ್ತು, ಜಮೀನು ಪುಕ್ಕಟೆ. ಲಾಭ ಕಡಿಮೆ ಬಿದ್ದರೆ ತುಂಬಿಕೊಡ್ತಿದ್ದುದು ನಮ್ಮ ಹಿರಿಯರು ಕಟ್ಟಿದ ಕಂದಾಯದಿಂದಲೇ.

1876ರಿಂದ 78ರ ಬರದಲ್ಲಿ ಅದರ ಬಣ್ಣ ಬಯಲಾಯ್ತು. ಆಗ ಅನಂತಪುರ ಜಿಲ್ಲೆ ಹುಟ್ಟಿರಲಿಲ್ಲ, ನಮ್ಮ ಮಡಕಶಿರಾ ಬಳ್ಳಾರಿಗೇ ಸೇರಿತ್ತು. ಆದವಾನಿ, ಗುತ್ತಿವರೆಗೆ ರೈಲಿನಲ್ಲಿ ಕಾಳು ಬಂತು. ಅಲ್ಲಿಂದ ಹಳ್ಳಿಗೆ ಒಯ್ಯಲು ಎತ್ತು ಬೇಕಲ್ಲ? ಮೇವಿಲ್ಲದೆ ಎತ್ತುಗಳೇ ಸತ್ತಿದ್ದವು. 1880ರ ಕ್ಷಾಮ ಆಯೋಗ ಬರ ತಡೆಯಲೆಂದೇ ಇನ್ನೂ 5,000 ಮೈಲಿ ಹಳಿ ಬೇಕೆಂದಿತು. 1882ರಲ್ಲಿ ಸದರ್ನ್ ಮರಾಠಾ ಕಂಪನಿ ಹುಟ್ಟಿತು. ಬಳ್ಳಾರಿ, ಗದಗ, ಹೊಟಗಿಗಳು ಒಂದೇ ಮೀಟರ್ ಗೇಜಿನಲ್ಲಿ ಕೂಡಿದವು. ಅಗಲ ಕಡಿಮೆ, ಖರ್ಚೂ ಕಡಿಮೆ. ಬರದ ಹಳಿ ತಾನೇ! ಗುಂತಕಲ್ಲಿನಲ್ಲಿ ಒಂದು ಗಾಡಿಯ ಮೂಟೆ ಇಳಿಸಿ ಇನ್ನೊಂದಕ್ಕೆ ಏರಿಸುವ ಹಮಾಲಿ ಮಾತ್ರ ರೈತನ ತಲೆಗೇ ಬಿತ್ತು. ಆ ಅಗಲದ ಭೇದ ಅಳಿಸುವ ಯೋಜನೆ ಭರದಿಂದ ಶುರುವಾದದ್ದು 1992ರಲ್ಲಿ.

ಈಗ ರಾಯದುರ್ಗ-ತುಮಕೂರು ಮಾರ್ಗ ನೋಡಿ. ಕಲ್ಯಾಣದುರ್ಗ, ಪಾವಗಡ, ಮಡಕಶಿರಾ, ಮಧುಗಿರಿ ಮೇಲೆ ಸುಮಾರು 207 ಕಿಲೋಮೀಟರ್. 2007-08ರಲ್ಲಿ ಮಂಜೂರು. ಎರಡೂ ರಾಜ್ಯದವರು ಖರ್ಚಿನಲ್ಲಿ ಪಾಲು ಹೊತ್ತರು. ಹದಿನೈದು ವರ್ಷ ಕಳೆದರೂ ಪೂರ್ತಿಯಾಗಲಿಲ್ಲ. ಅಷ್ಟರಲ್ಲಿ ಮುಂಬಯಿಯ ಹಳಿ ಸಹ್ಯಾದ್ರಿ ದಾಟಿತ್ತು!

ಇಲ್ಲಿ ಯಾರಿಗೂ ಬಡ್ಡಿಯ ಖಾತರಿ ಇಲ್ಲ, ಅದಕ್ಕೇ ಅವಸರವೂ ಇಲ್ಲ. ಗಡಿಯಾಚೆ ಈಚೆ ಬೀಗತನ ಮಾಡಿಕೊಂಡಿರುವ ಜನ ನಾವು; ನಮ್ಮ ಹುಣಸೆ, ಶೇಂಗಾ, ರೇಷ್ಮೆಗೂಡು ಲಾರಿಯವನು ಹೇಳಿದ ಬಾಡಿಗೆಗೆ ಸಂತೆಗೆ ಹೋಗುತ್ತವೆ. ಪ್ರತಿ ಬಜೆಟ್ಟಿನಲ್ಲೂ ಇಷ್ಟು ಕೋಟಿ ಅಂತ ಓದಿದರೆ ಸಾಲದು. ಯಾವ ಊರಿನಿಂದ ಯಾವ ಊರಿಗೆ ಯಾವ ತಿಂಗಳು ಗಾಡಿ ಓಡುತ್ತೆ, ಜಮೀನು ಬಿಟ್ಟುಕೊಟ್ಟ ರೈತನ ಪರಿಹಾರ ಎಷ್ಟು ಬಾಕಿ, ಇವೆರಡನ್ನು ಎರಡೂ ಸರ್ಕಾರಗಳು, ರೈಲ್ವೆಯವರು ಸೇರಿ ತಾಲ್ಲೂಕು ಕಚೇರಿ ಗೋಡೆಗೆ ಅಂಟಿಸಲಿ, ಕನ್ನಡದಲ್ಲೂ ತೆಲುಗಿನಲ್ಲೂ.