ಹಳ್ಳಕ್ಕೆ ಒಂದೇ ಲೆಕ್ಕ ಇರಲಿ



ಮಳೆಗಾಲದಲ್ಲಿ ದಾರಿಯೇ ಕಾಣದಷ್ಟು ಸುರಿಯುವ ದೇವರಮನೆ ಸುತ್ತಿನಲ್ಲೂ ಬೇಸಿಗೆಗೆ ಕುಡಿಯುವ ನೀರಿನ ತಾಪತ್ರಯ ಎಂದರೆ ಬಯಲುಸೀಮೆಯವರು ನಂಬಲಿಕ್ಕಿಲ್ಲ. ಕಡಿದಾದ ಗುಡ್ಡದಲ್ಲಿ ನೀರು ನಿಲ್ಲುವುದಿಲ್ಲ. ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ತಡವಾದರಂತೂ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಲು ಹಳ್ಳಕ್ಕೆ ಸಾಲುಸಾಲು ಮೋಟರ್ ಇಳಿಯುತ್ತವೆ (ನಾವು ಬೆಳೆಗಾರರೇ ಇಳಿಸುವುದು, ಬೇರೆ ಯಾರಲ್ಲ). ಕೆಳಗಿನ ಊರಿನ ಬಾವಿ ತಳ ಕಾಣುತ್ತದೆ. ಪರಿಹಾರಕ್ಕೆ ಇನ್ನೊಂದು ಕೊಳವೆಬಾವಿ!

ಹಳ್ಳದ ನೀರು ಒಂದೇ, ನೋಡಿಕೊಳ್ಳುವವರು ಹಲವರು: ನಲ್ಲಿ ಹಾಕುವುದು ಗ್ರಾಮೀಣ ಕುಡಿಯುವ ನೀರು ಇಲಾಖೆ, ಅಂತರ್ಜಲ ಅಳೆಯುವುದು ಇನ್ನೊಂದು, ಝರಿ ಹುಟ್ಟುವ ಶೋಲಾ ಕಾಡು ಅರಣ್ಯ ಇಲಾಖೆಯದು, ಬೆಳೆಗಾರರಿಗೆ ಸಲಹೆ ಕಾಫಿ ಮಂಡಳಿಯದು. ಇದೇ ಮೂಡಿಗೆರೆ ತಾಲ್ಲೂಕಿನಲ್ಲಿ ಹುಟ್ಟುವ ಹೇಮಾವತಿ ನದಿಗೆ ಗೊರೂರು ಅಣೆಕಟ್ಟೆಯಲ್ಲಿ ದಿನವೂ ಅಳತೆಯಿದೆ, ಮೂಲದ ಹಳ್ಳಗಳಿಗಿಲ್ಲ.

ಜಿಲ್ಲಾ ಪಂಚಾಯಿತಿ ಫೆಬ್ರವರಿಗೆ ಮೊದಲೇ ಇವರೆಲ್ಲರನ್ನೂ ಬೆಳೆಗಾರರ ಜೊತೆ ಕೂರಿಸಿ, ಹಳ್ಳವಾರು ಪಂಪ್ ಸರದಿ ನಿಗದಿ ಮಾಡಲಿ. ಕುಡಿಯುವ ನೀರು ಮೊದಲು, ಹೂವು ಆಮೇಲೆ.

– ಒಬ್ಬ ಕಾಫಿ ಬೆಳೆಗಾರ, ದೇವರಮನೆ, ಮೂಡಿಗೆರೆ ತಾಲ್ಲೂಕು