ದುಡ್ಡು ಕೊಟ್ಟು ಬೇರೆಯವರ ತೋಟಕ್ಕೆ

ನಮ್ಮ ಹಾಸ್ಟೆಲ್‌ನಲ್ಲಿ ಕತೆ ಬರೆಯುವ ಗೆಳೆಯನೊಬ್ಬ ಇದ್ದಾನೆ. ಇದೇ ಪತ್ರಿಕೆಯಲ್ಲಿ ಅವನ ಎರಡು ಕತೆ ಬಂದಿವೆ. ಹೆಸರು ಹಾಕಬೇಡಿ ಅಂದಿದ್ದಾನೆ, ಹಾಕೋದಿಲ್ಲ. 2024ರ ಅಕ್ಟೋಬರ್‌ನಲ್ಲಿ, ಇಂಟರ್ನಲ್ಸ್ ತಲೆ ಮೇಲಿರುವಾಗ, ರೂಮಿಗೆ ಬಂದವನೇ "ಮಗಾ, ಆಸ್ಟ್ರೇಲಿಯಾಗೆ ಹೆಸರು ಹಾಕಿದೆ" ಅಂದ. ಎಂ.ಎಸ್. ಮಾಡೋಕಾ ಅಂತ ಕೇಳಿದ್ವಿ. ಅಲ್ಲವಂತೆ, ಹಣ್ಣು ಕೀಳೋಕಂತೆ.

ವಿಷಯ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡ್ತೀವಿ. ಭಾರತ ಮತ್ತು ಆಸ್ಟ್ರೇಲಿಯಾ ನಡುವಿನ ವ್ಯಾಪಾರ ಒಪ್ಪಂದ 2022ರ ಡಿಸೆಂಬರ್‌ನಲ್ಲಿ ಜಾರಿಗೆ ಬಂತು. ಅದರ ಪ್ರಕಾರ 2024ರಿಂದ ವರ್ಷಕ್ಕೆ 1,000 ಭಾರತೀಯರಿಗೆ 'ವರ್ಕ್ ಅಂಡ್ ಹಾಲಿಡೇ' ವೀಸಾ ಸಿಗುತ್ತೆ. ವಯಸ್ಸು 18ರಿಂದ 30, ಪಿಯುಸಿ ಆದಮೇಲೆ ಎರಡು ವರ್ಷದ ಓದು, ಒಂದಿಷ್ಟು ಇಂಗ್ಲಿಷ್. ಅಂದ್ರೆ ಐದನೇ ಸೆಮ್‌ಗೆ ಬಂದ ನಮ್ಮಂಥವರೂ ಅರ್ಜಿ ಹಾಕಬಹುದು. 25 ಆಸ್ಟ್ರೇಲಿಯನ್ ಡಾಲರ್ ಕಟ್ಟಿ ಹೆಸರು ಹಾಕಿದ್ರೆ ಲಾಟರಿ ಎತ್ತುತ್ತಾರೆ. ಬಂದ್ರೆ ಒಂದು ವರ್ಷ ಅಲ್ಲಿ ಸುತ್ತಬಹುದು, ಖರ್ಚಿಗೆ ಕೆಲಸ ಮಾಡಬಹುದು. ಮೊದಲ ಎರಡೇ ವಾರದಲ್ಲಿ 40 ಸಾವಿರಕ್ಕೂ ಹೆಚ್ಚು ಜನ ಹೆಸರು ಹಾಕಿದರು. ಪ್ರಾಬಬಿಲಿಟಿ ಎಷ್ಟು ಅಂತ ಲೆಕ್ಕ ಹಾಕೋಕೆ ಮ್ಯಾಥ್ಸ್‌ನಲ್ಲಿ ಪಾಸಾಗಿರಲೇಬೇಕು ಅಂತೇನಿಲ್ಲ.

ಅವನ ಹೆಸರು ಬರಲಿಲ್ಲ. ಮುಂದಿನ ಸಲವೂ ಹಾಕ್ತಾನಂತೆ. ಆವತ್ತಿನಿಂದ ನಮ್ಮ ಮೆಸ್ಸಿನ ಟೇಬಲ್ಲಿನಲ್ಲಿ ಇದೇ ಚರ್ಚೆ. ಅವನ ವಾದ ಒಂದೇ: "ಹಾಸ್ಟೆಲ್ಲು, ಲ್ಯಾಬು, ಬಸ್‌ಸ್ಟ್ಯಾಂಡು ಬಿಟ್ರೆ ನಮಗೇನು ಗೊತ್ತು? ಬರೆಯೋನಿಗೆ ಅನುಭವ ಬೇಕು."

ಅವನ ಅಮ್ಮ ಫೋನಿನಲ್ಲಿ ನಮ್ಮ ಹತ್ರ ಅಲವತ್ತುಕೊಂಡರು. ಅವರದ್ದು ಶಿರಸಿ ಕಡೆ, ಅಡಿಕೆ ತೋಟ. "ಇಲ್ಲಿ ಕೊನೆ ಕೊಯ್ಯೋಕೆ ಜನ ಸಿಗದೆ ಒದ್ದಾಡ್ತಾ ಇದ್ದೀವಿ. ಇವನು ದುಡ್ಡು ಕೊಟ್ಟು ಬೇರೆಯವರ ತೋಟಕ್ಕೆ ಕೂಲಿಗೆ ಹೋಗ್ತಾನಂತೆ, ನೀವಾದ್ರೂ ಹೇಳ್ರಪ್ಪ." ನಾವು ನಕ್ಕೆವು. ಫೋನ್ ಇಟ್ಟಮೇಲೆ ಅಷ್ಟೇನೂ ನಗು ಬರಲಿಲ್ಲ.

ಅವನು ಹೋಗಲಿ ಅಂತಲೇ ನಾವು ಹೇಳ್ತೀವಿ. ಆದ್ರೆ ಅವನು ಕೊಡುವ ಕಾರಣ ನಮಗೆ ಅರೆಬರೆ ಅನ್ನಿಸುತ್ತೆ. ಅನುಭವ ಅಂದ ತಕ್ಷಣ ಅವನ ಕಣ್ಣಿಗೆ ಬರೋದು ಉದ್ದನೆಯ ರಸ್ತೆ, ಹಳೇ ವ್ಯಾನು, ಸಂಜೆ ಸಮುದ್ರದ ಎದುರು ನೋಟ್‌ಬುಕ್ಕು. ನಿಜವಾಗಿ ಅಲ್ಲಿ ಏನಿದೆ ನೋಡಿ. ಕ್ವೀನ್ಸ್‌ಲ್ಯಾಂಡ್‌ನ ಬಂಡಾಬರ್ಗ್ ಸುತ್ತ ಸಿಹಿಗೆಣಸು, ಟೊಮೆಟೊ. ವಿಕ್ಟೋರಿಯಾದ ಮಿಲ್ಡುರಾ ಕಡೆ ದ್ರಾಕ್ಷಿ. ಬೆಳಗಿನ ಜಾವ ಎದ್ದು ಹೊಲಕ್ಕೆ ಹೋಗಬೇಕು. ಎಷ್ಟೋ ಕಡೆ ಉಳಿಯುವ ಹಾಸ್ಟೆಲಿನವರೇ ಕೆಲಸವನ್ನೂ ಹುಡುಕಿ ಕೊಡ್ತಾರೆ. ಬಾಡಿಗೆಯೂ ಅವರಿಗೇ, ಹೊಲಕ್ಕೆ ಹೋಗುವ ವ್ಯಾನೂ ಅವರದೇ. ಜಗಳ ಆದ್ರೆ ಕೆಲಸ, ಮಂಚ ಎರಡೂ ಒಟ್ಟಿಗೆ ಹೋಗುತ್ತೆ. ಒಬ್ಬನೇ ಮಾಲೀಕನ ಹತ್ರ ಸಾಮಾನ್ಯವಾಗಿ ಆರು ತಿಂಗಳಿಗಿಂತ ಹೆಚ್ಚು ಇರುವಂತಿಲ್ಲ. ಎರಡನೇ ವರ್ಷದ ವೀಸಾ ಬೇಕಾದ್ರೆ ಸರ್ಕಾರ ಗುರುತಿಸಿದ ಪ್ರದೇಶದಲ್ಲಿ, ಗುರುತಿಸಿದ ಕೆಲಸವನ್ನು ಮೂರು ತಿಂಗಳು, ಅಂದರೆ 88 ದಿನ, ಮಾಡಿದ್ದಕ್ಕೆ ದಾಖಲೆ ತೋರಿಸಬೇಕು. ನಮ್ಮ ಅಟೆಂಡೆನ್ಸ್ ಶಾರ್ಟೇಜ್ ನೆನಪಾದರೆ ತಪ್ಪಿಲ್ಲ.

ಕೂಲಿ ಕಡಿಮೆಯೇನಲ್ಲ. 2024ರ ಜುಲೈನಲ್ಲಿ ಅಲ್ಲಿನ ಕನಿಷ್ಠ ವೇತನ ಗಂಟೆಗೆ 24.10 ಡಾಲರ್ ಆಗಿತ್ತು. ರೂಪಾಯಿಗೆ ತಿರುಗಿಸಿದರೆ ಆಗ ಸಾವಿರದ ಮುನ್ನೂರರ ಆಸುಪಾಸು. ಇದನ್ನು ಕೇಳಿ ನಮ್ಮಲ್ಲೇ ಇಬ್ಬರು ಪ್ಲೇಸ್‌ಮೆಂಟ್ ಮರೆತು ಕ್ಯಾಲ್ಕುಲೇಟರ್ ಹಿಡಿದರು. ಆದ್ರೆ ಹಣ್ಣು ಕೀಳೋರಿಗೆ ಎಷ್ಟೋ ಕಡೆ ತುಂಬಿಸಿದ ಬುಟ್ಟಿಗೆ, ತೊಟ್ಟಿಗೆ ಇಷ್ಟು ಅಂತ ಲೆಕ್ಕ. ಕೈ ನಿಧಾನವಾದ ಹೊಸಬರಿಗೆ ದಿನವಿಡೀ ದುಡಿದರೂ ಕನಿಷ್ಠ ಕೂಲಿ ಹುಟ್ಟದ ಸ್ಥಿತಿ ಇತ್ತು. ಹಾಗೆ ದುಡಿಯೋರಿಗೂ ಗಂಟೆಗೆ ಇಷ್ಟು ಸಿಗಲೇಬೇಕು ಎಂಬ ನಿಯಮ ಬಂದದ್ದು 2022ರ ಏಪ್ರಿಲ್ 28ರಂದು, ಅಂದರೆ ನಾವೆಲ್ಲ ಹುಟ್ಟಿ ಬೆಳೆದು ಕಾಲೇಜಿಗೆ ಬರುವ ಹೊತ್ತಿಗೆ. ಬಂಡಾಬರ್ಗ್‌ಗೆ ಹತ್ತಿರದ ಚಿಲ್ಡರ್ಸ್ ಎಂಬ ಊರಿನಲ್ಲಿ 2000ದ ಜೂನ್ 23ರಂದು ಇಂಥದ್ದೇ ಒಂದು ಹಾಸ್ಟೆಲ್‌ಗೆ ಬೆಂಕಿ ಬಿದ್ದು 15 ಮಂದಿ ಸತ್ತರು. ಬೇರೆ ಬೇರೆ ದೇಶಗಳಿಂದ ಸುತ್ತೋಕೆ ಬಂದು, ಖರ್ಚಿಗಾಗಿ ಹೊಲದಲ್ಲಿ ದುಡಿಯುತ್ತಿದ್ದ ಎಳೆಯರು ಅದರಲ್ಲಿದ್ದರು. ಹೆದರಿಸೋಕೆ ಇದನ್ನು ಹೇಳ್ತಿಲ್ಲ. ಹಾಲಿಡೇ ಅನ್ನೋ ಪದ ವೀಸಾದ ಹೆಸರಲ್ಲಿ ಇದೆ ಅಂತ ಅದನ್ನೇ ನಂಬಿಕೊಂಡು ಯಾರೂ ವಿಮಾನ ಹತ್ತಬಾರದು, ಅದಕ್ಕೆ.

ಇಷ್ಟೆಲ್ಲ ಹೇಳಿಯೂ ಹೋಗಲಿ ಅಂತೀವಲ್ಲ, ಯಾಕೆ? ಕನ್ನಡದಲ್ಲಿ ಪ್ರವಾಸ ಸಾಹಿತ್ಯಕ್ಕೆ ಬರವಿಲ್ಲ. 'ಅಮೆರಿಕಾದಲ್ಲಿ ಗೊರೂರು' ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೇ ಬಂದಿದೆ. ಆದ್ರೆ ನಮ್ಮ ಲೈಬ್ರರಿಯ ಆ ಕಪಾಟಿನಲ್ಲಿ ನಾವು ಓದಿದ ಪುಸ್ತಕಗಳಲ್ಲಿ ಹೋದವರು ಬಹುತೇಕ ಅತಿಥಿಗಳು. ಓದೋಕೆ, ಸಮ್ಮೇಳನಕ್ಕೆ, ಮಕ್ಕಳ ಮನೆಗೆ, ಪ್ಯಾಕೇಜ್ ಟೂರಿಗೆ ಹೋದವರು. ತಟ್ಟೆ ತೊಳೆದು, ಗೆಣಸು ಅಗೆದು, ಸೂಪರ್‌ವೈಸರ್ ಬೈಗುಳ ತಿಂದು ಆ ದೇಶವನ್ನು ಕಂಡವರ ಬರಹ ನಮ್ಮ ಕೈಗೆ ಸಿಕ್ಕಿಲ್ಲ. ಅದು ಬರಬೇಕು, ಕನ್ನಡದಲ್ಲೇ ಬರಬೇಕು. ಇವನು ಬರೆದರೆ ಮೊದಲು ಓದೋರು ನಾವು.

ಇಂಗ್ಲಿಷಿನಲ್ಲಿ ಈ ಕೆಲಸ ಮಾಡಿದವನು ಜಾರ್ಜ್ ಆರ್ವೆಲ್. ಹುಟ್ಟಿದ್ದು ನಮ್ಮ ಬಿಹಾರದ ಮೋತಿಹಾರಿಯಲ್ಲಿ, 1903ರಲ್ಲಿ. ಇಪ್ಪತ್ತರ ಹರೆಯದಲ್ಲಿ ಬರಹಗಾರ ಆಗ್ತೀನಿ ಅಂತ ಪ್ಯಾರಿಸ್‌ಗೆ ಹೋಗಿ, ಕೈ ಖಾಲಿಯಾಗಿ, ಹೋಟೆಲಿನಲ್ಲಿ ಪಾತ್ರೆ ತೊಳೆದ. ಆ ದಿನಗಳನ್ನು ಬರೆದ ಅವನ ಮೊದಲ ಪುಸ್ತಕ 1933ರಲ್ಲಿ ಬಂತು. ಅದರಲ್ಲೊಂದು ಕೊಂಕಿದೆ. ಪ್ಯಾರಿಸ್‌ನಲ್ಲೇ ಅವನ ತಾಯಿಯ ಸೋದರಿ ಇದ್ದರು. ಪುಸ್ತಕದಲ್ಲಿ ಅವರ ಸುದ್ದಿಯೇ ಇಲ್ಲ. ನಮ್ಮ ಗೆಳೆಯನಿಗೂ ಹಿಂದೆ ಒಂದು ಡಿಗ್ರಿ ಇರುತ್ತೆ, ಒಂದು ತೋಟ ಇರುತ್ತೆ, ವಾಪಸ್ ಟಿಕೆಟ್ಟಿಗೆ ದುಡ್ಡು ಹಾಕುವ ಅಪ್ಪ ಇರ್ತಾರೆ. ಅದೇ ಹೊಲದ ಪಕ್ಕದ ಸಾಲಿನಲ್ಲಿ ವನವಾಟುವಿನಿಂದಲೋ ಟಿಮೋರ್‌ನಿಂದಲೋ ಬೇರೆ ಯೋಜನೆಯಲ್ಲಿ ಬಂದು, ಕರೆಸಿಕೊಂಡ ಮಾಲೀಕನ ಹತ್ರವೇ ದುಡಿದು ಊರಿಗೆ ದುಡ್ಡು ಕಳಿಸೋರು ಇರಬಹುದು. ಇಬ್ಬರ ಬೆನ್ನುನೋವು ಒಂದೇ ಥರ ಇರಬಹುದು, ಇಬ್ಬರ ಸ್ಥಿತಿ ಒಂದೇ ಅಲ್ಲ. ಇವನು ಬರೆಯುವಾಗ ಅಪ್ಪನನ್ನೂ ತೋಟವನ್ನೂ ಮರೆಮಾಚಿದರೆ ನಾವು ಸುಮ್ಮನಿರೋದಿಲ್ಲ.

ಇನ್ನೊಂದು ಮಾತು ಅವನ ಎದುರೇ ಆಡಿದ್ದೀವಿ, ಹಾಗಾಗಿ ಇಲ್ಲೂ ಬರೀತೀವಿ. ಆವತ್ತು ಅವನ ಅಮ್ಮನ ಫೋನ್ ಬಂದಮೇಲೆ ನಾವು ಸುಮ್ಮನೆ ಕೇಳಿದ್ವಿ: ನಿಮ್ಮ ತೋಟಕ್ಕೆ ಬರೋ ಕೊನೆಗೌಡರು ದಿನಕ್ಕೆ ಎಷ್ಟು ಮರ ಹತ್ತುತ್ತಾರೆ? ಕೂಲಿ ದಿನಕ್ಕಾ, ಮರಕ್ಕಾ, ಕೊನೆಗಾ? ಮಳೆ ಬಂದ ದಿನ ಏನು ಗತಿ? ಬಿದ್ದರೆ ಆಸ್ಪತ್ರೆ ಖರ್ಚು ಯಾರದು? ಅವನಿಗೆ ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ಅದೇ ಮನೆಯ ಜಗಲಿ ಮೇಲೆ ಕೂತು ಅವರಿಗೆ ಚಾ ಕೊಟ್ಟವನು. ಬಂಡಾಬರ್ಗ್‌ನ ಹಾಸ್ಟೆಲ್ ಬಾಡಿಗೆ ಮಾತ್ರ ನಿದ್ದೆಯಲ್ಲೂ ಹೇಳ್ತಾನೆ.

ನಮ್ಮದೇನು ದೊಡ್ಡ ಸಾಧನೆ ಅಂತ ಕೇಳಬೇಡಿ. ಹೊಸ ಬ್ಲಾಕ್ ಕಟ್ಟುತ್ತಿರುವವರಲ್ಲಿ ಬಿಹಾರದವರು ಇದ್ದಾರೆ. ಯಾವ ಜಿಲ್ಲೆಯವರು ಅಂತ ನಾವು ಮೂರು ವರ್ಷದಲ್ಲಿ ಒಂದು ಸಲವೂ ಕೇಳಿಲ್ಲ. ಸಿವಿಲ್‌ನವರು ಅದೇ ಕಟ್ಟಡ ನೋಡಿ ಸೈಟ್ ವಿಸಿಟ್ ರಿಪೋರ್ಟ್ ಬರೆದು ಮಾರ್ಕ್ಸ್ ತಗೊಂಡಿದ್ದಾರೆ. ರಿಪೋರ್ಟಿನಲ್ಲಿ ಕಾಂಕ್ರೀಟ್ ಗ್ರೇಡ್ ಇದೆ, ಜನ ಇಲ್ಲ.

ಹಣ್ಣು ಕೀಳೋನು ತನಗೆ ಅಪ್ಪಣೆ ಕೊಡೋನನ್ನು ಹೇಗೆ ನೋಡ್ತಾನೆ ಅನ್ನೋದು ಈ ವೀಸಾದಿಂದ ಅವನಿಗೆ ಗೊತ್ತಾಗಬಹುದು. ಆಮೇಲೆ ಊರಿಗೆ ಬಂದು ಜಗಲಿ ಮೇಲೆ ಕೂತರೆ ಎದುರಿಗಿರೋರು ಬೇರೆ ಥರ ಕಾಣಬಹುದು. ನಮ್ಮ ಪ್ರಕಾರ ಆ 5,000 ಡಾಲರ್ (ಖಾತೆಯಲ್ಲಿ ತೋರಿಸಬೇಕಾದದ್ದು ಸುಮಾರು ಅಷ್ಟು) ಅದಕ್ಕೆ ಕೊಡುವ ಬೆಲೆ, ಸಮುದ್ರಕ್ಕಲ್ಲ.

ಬ್ಯಾಲಟ್‌ನಲ್ಲಿ ಹೆಸರು ಬರೋ ತನಕ ಅವನಿಗೆ ಒಂದು ಕೆಲಸ ಹಚ್ಚಿದ್ದೀವಿ. ಕೊನೆ ಕೊಯ್ಲಿನ ಹೊತ್ತಿಗೆ ಊರಿಗೆ ಹೋಗಿ, ಕೊನೆಗೌಡರ ಜೊತೆ ನಾಲ್ಕು ದಿನ ಇದ್ದು, ಕೊನೆ ಹೊತ್ತು, ಲೆಕ್ಕ ಬರೆದು ಪತ್ರಿಕೆಗೆ ಲೇಖನ ಕೊಡಬೇಕು. ಒಪ್ಪಿದ, ಹೋದ, ಬಂದ. "ಮೊದಲ ದಿನ ಅವರು ನನ್ನ ಹತ್ರ ಮಾತೇ ಆಡಲಿಲ್ಲ, 'ನೀವು ಮೇಲೆ ಕೂತ್ಕೊಳ್ಳಿ' ಅಂದ್ರು" ಅಂತ ಹೇಳಿದ್ದಾನೆ. ಲೇಖನ ಇನ್ನೂ ಬಂದಿಲ್ಲ.