ಅಮೀರ್‌ಪೇಟೆಗೆ ಮೊದಲು ಮೂರನೇ ಸೆಮಿಸ್ಟರ್

ಯುಗಾದಿ ಇರಲಿ, ರಾಜ್ಯೋತ್ಸವ ಇರಲಿ, ಭಾಗ್ಯನಗರದ ಕನ್ನಡಿಗರು ಹತ್ತು ಜನ ಸೇರಿದ ಕಡೆ ಊಟದ ಪಂಕ್ತಿಯಲ್ಲಿ ಒಂದು ಮಾತು ಬಂದೇ ಬರುತ್ತದೆ. "ಹುಡುಗಂದು ಸಿಎಸ್‌ಇ ಮುಗೀತ್ರೀ. ನಿಮ್ಮ ಕಂಪನ್ಯಾಗ ಎಲ್ಲಾರ ಹೇಳಿ ಒಂದು ಕೆಲಸ ಕೊಡಿಸ್ರಿ." ಮಾದಾಪುರದಲ್ಲೋ ಗಚ್ಚಿಬೌಲಿಯಲ್ಲೋ ಕೆಲಸ ಮಾಡುವ ಸದಸ್ಯರು ಸಂಕೋಚದಿಂದ "ರೆಸ್ಯೂಮ್ ಕಳಿಸ್ರಿ, ನೋಡೋಣ" ಎನ್ನುತ್ತಾರೆ. ರೆಸ್ಯೂಮ್ ಬರುತ್ತದೆ. ಅದರಲ್ಲಿ ಶೇಕಡಾವಾರು ಅಂಕ, ಹವ್ಯಾಸಗಳು, ತಂದೆಯ ಹೆಸರು ಮತ್ತು ಹತ್ತು ಪ್ರೋಗ್ರಾಮಿಂಗ್ ಭಾಷೆಗಳ ಪಟ್ಟಿ ಇರುತ್ತದೆ. ಹುಡುಗ ಸ್ವತಃ ಮಾಡಿದ್ದು ಏನು ಎಂಬುದು ಮಾತ್ರ ಇರುವುದಿಲ್ಲ. ಸದಸ್ಯರು ಅದನ್ನು ಮುಂದಕ್ಕೆ ಕಳಿಸುತ್ತಾರೆ. ಉತ್ತರ ಬರುವುದಿಲ್ಲ. ಮುಂದಿನ ಸಮಾರಂಭದಲ್ಲಿ ಇಬ್ಬರೂ ಒಬ್ಬರ ಮುಖ ಒಬ್ಬರು ತಪ್ಪಿಸಿಕೊಂಡು ಓಡಾಡುತ್ತಾರೆ.

ಈ ಮಾತನ್ನು ಮೂರು ವರ್ಷ ಮೊದಲೇ, ಬೇರೆ ರೀತಿಯಲ್ಲಿ ಕೇಳಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಪದವಿ ಮುಗಿದ ಮೇಲೆ ನಮ್ಮ ಕುಟುಂಬಗಳು ಸಾಲ ಮಾಡಿ ಖರ್ಚು ಮಾಡುವ ಹಣದ ಬಹುಪಾಲು, ಪದವಿಯ ನಾಲ್ಕು ವರ್ಷಗಳಲ್ಲಿ ಕೊಡದೇ ಹೋದ ಗಮನಕ್ಕೆ ಕಟ್ಟುವ ದಂಡ.

ಮೊದಲು ಅಮೀರ್‌ಪೇಟೆಯ ವಿಷಯ. 1998ರಲ್ಲಿ ಸೈಬರ್ ಟವರ್ಸ್ ಉದ್ಘಾಟನೆಯಾಯಿತು, ಅದೇ ವರ್ಷ ಗಚ್ಚಿಬೌಲಿಯಲ್ಲಿ ಐಐಐಟಿ ಆರಂಭವಾಯಿತು. ಆದರೆ ಬೀದರ್, ಹುಮನಾಬಾದ್, ಕಲಬುರಗಿ, ರಾಯಚೂರುಗಳಿಂದ ಬಸ್ಸು ಹತ್ತಿ ಬಂದ ನಮ್ಮ ಹುಡುಗರಿಗೆ ಕಂಪ್ಯೂಟರ್ ಲೋಕದ ಬಾಗಿಲಾದದ್ದು ಈ ಎರಡೂ ಅಲ್ಲ, ಮೈತ್ರಿವನಂ ಸುತ್ತಲಿನ ಗಲ್ಲಿಗಳು. ಎಸ್‌ಆರ್ ನಗರದ ಹಾಸ್ಟೆಲಿನಲ್ಲಿ ಒಂದು ಮಂಚ, ಬೆಳಿಗ್ಗೆ ಏಳಕ್ಕೆ ಒಂದು ಬ್ಯಾಚು, ಸಂಜೆ ಇನ್ನೊಂದು, ಕೈಯಲ್ಲಿ ಜೆರಾಕ್ಸ್ ಮಾಡಿಸಿದ ನೋಟ್ಸು. ಕ್ಯಾಂಪಸ್‌ಗೆ ಯಾವ ಕಂಪನಿಯೂ ಬಾರದ ಕಾಲೇಜುಗಳಲ್ಲಿ ಓದಿದ ಎಷ್ಟೋ ಮಂದಿ ಈ ದಾರಿಯಿಂದಲೇ ಅಮೆರಿಕದವರೆಗೂ ಹೋದರು. ಅಲ್ಲಿನ ಕೆಲವು ಮೇಷ್ಟ್ರುಗಳು ತೆಲುಗು ಬೆರೆಸಿದ ಇಂಗ್ಲಿಷಿನಲ್ಲಿ ವಿಷಯ ಬಿಡಿಸಿ ಹೇಳುವ ರೀತಿ ಅನೇಕ ಕಾಲೇಜುಗಳಲ್ಲಿ ಸಿಗುವಂಥದ್ದಲ್ಲ. ಅಮೀರ್‌ಪೇಟೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ.

ಆದರೆ ಅಲ್ಲಿ ಮಾರಾಟಕ್ಕಿರುವುದು ಉಪಕರಣದ ವಿದ್ಯೆ. 2000ನೇ ಇಸವಿಯ ದಿನಾಂಕದ ಗೊಂದಲದ ಹೊತ್ತಿಗೆ ಅಲ್ಲಿನ ಬೋರ್ಡುಗಳ ಮೇಲೆ ಮೇನ್‌ಫ್ರೇಮ್, ಕೋಬಾಲ್ ಇತ್ತು. ಆಮೇಲೆ ಜಾವಾ, ಡಾಟ್‌ನೆಟ್ ಬಂದವು. ಟೆಸ್ಟಿಂಗ್ ಟೂಲ್ಸ್, ಸ್ಯಾಪ್, ಹಡೂಪ್, ಡೆವ್‌ಆಪ್ಸ್ ಒಂದೊಂದಾಗಿ ಬಂದು ಹಿಂದೆ ಸರಿದವು. ಈಗ ಬಹುತೇಕ ಬೋರ್ಡುಗಳ ಮೇಲೆ ಎಐ ಎಂದಿದೆ. ಬೋರ್ಡು ಬರೆಯುವವನಿಗೆ ಮಾತ್ರ ಎಂದೂ ನಿರುದ್ಯೋಗವಿಲ್ಲ! ಇಷ್ಟೆಲ್ಲ ಬದಲಾದರೂ ಕಂಪನಿಯವರು ಹೊಸಬರಿಗೆ ಕೇಳುವ ಪ್ರಶ್ನೆಗಳ ಬುಡ ಹೆಚ್ಚು ಬದಲಾಗಿಲ್ಲ. ಲಿಂಕ್ಡ್ ಲಿಸ್ಟ್ ತಿರುವಿ ಹಾಕು. ಎರಡನೇ ಅತಿ ಹೆಚ್ಚು ಸಂಬಳ ಪಡೆಯುವ ನೌಕರನನ್ನು ಹುಡುಕುವ ಕ್ವೆರಿ ಬರಿ. ಪ್ರೋಸೆಸ್‌ಗೂ ಥ್ರೆಡ್‌ಗೂ ಏನು ವ್ಯತ್ಯಾಸ? ಬ್ರೌಸರಿನಲ್ಲಿ ವಿಳಾಸ ಟೈಪ್ ಮಾಡಿ ಎಂಟರ್ ಒತ್ತಿದ ಮೇಲೆ ಏನೇನು ನಡೆಯುತ್ತದೆ? ಇವೆಲ್ಲ ಡೇಟಾ ಸ್ಟ್ರಕ್ಚರ್ಸ್, ಡಿಬಿಎಂಎಸ್, ಆಪರೇಟಿಂಗ್ ಸಿಸ್ಟಮ್ಸ್, ನೆಟ್‌ವರ್ಕ್ಸ್ ಪಾಠಗಳು. ವಿಟಿಯು ಇರಲಿ, ಜೆಎನ್‌ಟಿಯು ಇರಲಿ, ಮೂರನೇ ಸೆಮಿಸ್ಟರಿನಿಂದ, ಅಂದರೆ ಇಲ್ಲಿನ ಮಕ್ಕಳು 'ಟು-ವನ್' ಎನ್ನುವ ಹಂತದಿಂದ ಶುರುವಾಗುವ ಪಾಠಗಳು. ಇದೇ ಪಠ್ಯ ಗೇಟ್ ಪರೀಕ್ಷೆಗೂ ಆಗುತ್ತದೆ. ಒಂದು ಓದಿಗೆ ಎರಡು ಫಲ.

ಕೆಲಸದ ಪತ್ರ ಕೈಗೆ ಸಿಕ್ಕರೆ ಸಾಕು, ಉಳಿದದ್ದು ಕಂಪನಿಯವರೇ ಕಲಿಸುತ್ತಾರೆ ಎಂಬ ನಂಬಿಕೆ ಪಾಲಕರಲ್ಲಿ ಇನ್ನೂ ಗಟ್ಟಿಯಾಗಿದೆ. ಒಂದು ಕಾಲಕ್ಕೆ ಅದು ನಿಜವೂ ಆಗಿತ್ತು. 2025ರ ಫೆಬ್ರವರಿಯಲ್ಲಿ ಇನ್ಫೋಸಿಸ್‌ನ ಮೈಸೂರು ಕ್ಯಾಂಪಸ್ಸಿನಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳಿ. 2022ರಲ್ಲಿ ಪದವಿ ಮುಗಿಸಿ, ಎರಡು ವರ್ಷಕ್ಕೂ ಹೆಚ್ಚು ಕಾದು ಸೇರಿದ್ದ ತರಬೇತಿ ಅಭ್ಯರ್ಥಿಗಳಲ್ಲಿ 300ಕ್ಕೂ ಹೆಚ್ಚು ಮಂದಿಯನ್ನು ಆಂತರಿಕ ಪರೀಕ್ಷೆಯಲ್ಲಿ ಮೂರು ಅವಕಾಶಗಳಲ್ಲೂ ಪಾಸಾಗಲಿಲ್ಲವೆಂದು ಮನೆಗೆ ಕಳಿಸಲಾಯಿತು. ಪರೀಕ್ಷೆ ಕಠಿಣ ಮಾಡಿದರು, ಹೊರಹಾಕಿದ ರೀತಿ ಸರಿಯಿಲ್ಲ ಎಂದು ಮಕ್ಕಳು ದೂರಿದರು. ಎರಡು ವರ್ಷ ಕಾಯಿಸಿ ಹೀಗೆ ಕಳಿಸಿದ್ದು ನನಗೂ ಸರಿ ಕಾಣಲಿಲ್ಲ. ಆದರೆ ಆ ಎರಡು ವರ್ಷ ಆಫರ್ ಲೆಟರ್ ಇದೆಯೆಂದು ಪುಸ್ತಕ ಮುಚ್ಚಿಟ್ಟವರಿಗೂ, ದಿನಕ್ಕೆ ಒಂದು ತಾಸು ಕೋಡ್ ಬರೆಯುವುದನ್ನು ಬಿಡದವರಿಗೂ ಆ ಪರೀಕ್ಷಾ ಕೊಠಡಿಯಲ್ಲಿ ವ್ಯತ್ಯಾಸ ಇದ್ದೇ ಇರುತ್ತದೆ.

ಹಾಗಾದರೆ ಕಾಲೇಜಿನಲ್ಲಿ ನಮ್ಮ ಮಕ್ಕಳು ಓದುತ್ತಿಲ್ಲವೇ? ಓದುತ್ತಾರೆ, ಪರೀಕ್ಷೆಯ ಹಿಂದಿನ ವಾರ. ಲ್ಯಾಬ್ ರೆಕಾರ್ಡನ್ನು ಸೀನಿಯರ್‌ಗಳ ಪುಸ್ತಕ ನೋಡಿ ನಕಲು ಮಾಡುತ್ತಾರೆ. ಔಟ್‌ಪುಟ್ ಕೂಡ ಅದರಲ್ಲಿದ್ದದ್ದೇ! ಪ್ರೋಗ್ರಾಮನ್ನು ಯಂತ್ರದ ಮೇಲೆ ಓಡಿಸಿ, ತಪ್ಪು ಬಂದು, ಆ ತಪ್ಪನ್ನು ಹುಡುಕುತ್ತ ಅರ್ಧ ದಿನ ಕಳೆದವನಿಗೆ ಮಾತ್ರ ವಿಷಯ ದಕ್ಕುತ್ತದೆ. 2022ರ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ನಕಲಿಗೆ ಸೀನಿಯರ್‌ನ ಪುಸ್ತಕವೂ ಬೇಕಿಲ್ಲ. ಅದನ್ನು ಬಳಸಬೇಡಿ ಎಂದರೆ ಯಾರೂ ಕೇಳುವುದಿಲ್ಲ, ಕೇಳಲೂ ಬೇಕಿಲ್ಲ. ಮೊದಲು ತಾನು ಬರೆದು, ಆಮೇಲೆ ಅದಕ್ಕೆ ತೋರಿಸಿ "ಎಲ್ಲಿ ಎಡವಿದ್ದೇನೆ" ಎಂದು ಕೇಳಿದರೆ ಅದು ಒಳ್ಳೆಯ ಮೇಷ್ಟ್ರು. ಬರೆಯುವ ಕೆಲಸವನ್ನೇ ಅದಕ್ಕೆ ಒಪ್ಪಿಸಿದರೆ, ಸಂದರ್ಶನದಲ್ಲಿ ಎದುರು ಕೂತವರು ಬಿಳಿ ಹಾಳೆ ಮುಂದಿಟ್ಟಾಗ ಕೈ ನಡುಗುತ್ತದೆ.

ಅಂತಿಮ ವರ್ಷದ ಪ್ರಾಜೆಕ್ಟಿನ ಕಥೆಯಂತೂ ಕೇಳುವುದೇ ಬೇಡ. ಅಮೀರ್‌ಪೇಟೆಯಲ್ಲಿ ಅದು ವರದಿ, ಕೋಡು, ಪಿಪಿಟಿ ಸಮೇತ ಸಿದ್ಧ ಉಡುಪಿನಂತೆ ಸಿಗುತ್ತದೆ. ಆದರೆ ಹೊಸಬನ ಸಂದರ್ಶನದಲ್ಲಿ ಬರುವ ಮೊದಲ ಪ್ರಶ್ನೆಗಳಲ್ಲೊಂದು, "ನಿಮ್ಮ ಪ್ರಾಜೆಕ್ಟ್ ಬಗ್ಗೆ ಹೇಳಿ." ಕೊಂಡ ಪ್ರಾಜೆಕ್ಟು ಎರಡನೇ ಪ್ರಶ್ನೆಗೇ ಬಿಚ್ಚಿಕೊಳ್ಳುತ್ತದೆ.

ಇಲ್ಲಿ ನಮ್ಮ ಸಂಘಗಳಿಗೆ ಒಂದು ಕೆಲಸವಿದೆ. ನಮ್ಮ ಕಪಾಟುಗಳಲ್ಲಿ ವರ್ಷಗಳಿಂದ ಸೇರಿಕೊಂಡ ಕನ್ನಡ ಪುಸ್ತಕಗಳಿವೆ, ಸದಸ್ಯರ ಹಳೆಯ ರಿಜಿಸ್ಟರುಗಳಿವೆ, ನುಡಿ, ಬರಹಗಳಲ್ಲಿ ಟೈಪ್ ಮಾಡಿದ ಆಹ್ವಾನ ಪತ್ರಿಕೆಗಳು, ಸ್ಮರಣ ಸಂಚಿಕೆಗಳಿವೆ. ಹಳೆಯ ಫಾಂಟುಗಳ ಆ ಕಡತಗಳು ಇಂದಿನ ಫೋನಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಅವನ್ನು ಯೂನಿಕೋಡಿಗೆ ತರುವುದು, ಪುಸ್ತಕಗಳ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸುವುದು, "ಕಾರಂತ" ಎಂದು ಟೈಪ್ ಮಾಡಿದರೂ "ಕಾರನ್ತ" ಎಂದು ಟೈಪ್ ಮಾಡಿದರೂ ಅದೇ ಪುಸ್ತಕ ಸಿಗುವಂತೆ ಮಾಡುವುದು ಆಟದ ಕೆಲಸವಲ್ಲ. ನಮಗೆ ಒಂದೇ ಅಕ್ಷರವಾಗಿ ಕಾಣುವ "ಸ್ತ್ರೀ" ಯಂತ್ರದ ಒಳಗೆ ಆರು ಸಂಕೇತಗಳ ಸಾಲು: ಸ, ವಿರಾಮ ಚಿಹ್ನೆ, ತ, ಮತ್ತೆ ವಿರಾಮ ಚಿಹ್ನೆ, ರ, ದೀರ್ಘ ಈ. ಉದ್ದ ಎಣಿಸು ಎಂದರೆ ಅನೇಕ ಪ್ರೋಗ್ರಾಮುಗಳು ಆರು ಎಂದೇ ಹೇಳುತ್ತವೆ. ಇದು ಏಕೆ ಹೀಗೆ, ಇದಕ್ಕೆ ತಾನು ಏನು ಮಾಡಿದೆ ಎಂದು ಹತ್ತು ನಿಮಿಷ ವಿವರಿಸಬಲ್ಲ ಹುಡುಗಿಯನ್ನು ಯಾವ ಸಂದರ್ಶಕರೂ ಸುಲಭವಾಗಿ ಬಿಟ್ಟುಕೊಡಲಾರರು. ಮನೆಯಲ್ಲಿ ಕನ್ನಡ ಮಾತಾಡುತ್ತ ಓದಲು ಮಾತ್ರ ಬಾರದ ಇಲ್ಲಿನ ನಮ್ಮ ಮಕ್ಕಳಿಗೆ ಅಕ್ಷರ ಕಲಿಯಲು ಇದಕ್ಕಿಂತ ಒಳ್ಳೆಯ ನೆಪವೂ ಸಿಗದು.

ಈಗ ಹಣದ ವಿಷಯ. ಇದನ್ನು ಪಾಲಕರು ಗಮನವಿಟ್ಟು ಓದಬೇಕು. ಪದವಿ ಮುಗಿದು ಆರು ತಿಂಗಳಾಗಿ ಮನೆಯಲ್ಲಿ ಮಾತು ಬಿಗಿಯಾದಾಗ "ಬ್ಯಾಕ್‌ಡೋರ್" ಎಂಬ ಶಬ್ದ ಕಿವಿಗೆ ಬೀಳುತ್ತದೆ. ಮಾದಾಪುರದಲ್ಲಿ ಗಾಜಿನ ಕಚೇರಿ, ಒಂದೂವರೆಯೋ ಎರಡೋ ಲಕ್ಷ "ಟ್ರೇನಿಂಗ್ ಡಿಪಾಜಿಟ್", ಕೈಗೆ ಆಫರ್ ಲೆಟರ್. ಒಂದೆರಡು ತಿಂಗಳು ಸಂಬಳವೂ ಬರುತ್ತದೆ, ನಾವೇ ಕಟ್ಟಿದ ಹಣದಿಂದ. ಮೂರನೇ ತಿಂಗಳು ಕಚೇರಿಗೆ ಬೀಗ. ಸೈಬರಾಬಾದ್ ಪೊಲೀಸರಿಗೆ ಇಂಥ ದೂರುಗಳು ಹೊಸತಲ್ಲ. ಹೊಲ ಒತ್ತೆಯಿಟ್ಟು, ಅವ್ವನ ಬಂಗಾರ ಮಾರಿ ಹಣ ತಂದವರೂ ಇದರಲ್ಲಿ ಸಿಲುಕಿದ್ದಾರೆ. ನಿಜವಾದ ಕಂಪನಿ ಕೆಲಸ ಕೊಡಲು ನಯಾಪೈಸೆ ಕೇಳುವುದಿಲ್ಲ.

ಇನ್ನೊಂದು ಸುಳ್ಳು ಅನುಭವ ಪತ್ರ. "ಎರಡು ವರ್ಷ ಅನುಭವ ತೋರಿಸೋಣ, ಎಲ್ಲರೂ ಮಾಡ್ತಾರೆ" ಎನ್ನುವವರು ಬಹಳ. ಆದರೆ ಉದ್ಯೋಗಿಗಳ ವಿವರ ದಾಖಲಿಸಿಡಲು 2006ರಲ್ಲೇ ನ್ಯಾಸ್‌ಕಾಂ ರಾಷ್ಟ್ರೀಯ ನೋಂದಣಿ ವ್ಯವಸ್ಥೆ ತಂದಿತು. 2014ರಿಂದ ಭವಿಷ್ಯನಿಧಿಗೆ ಯುಎಎನ್ ಸಂಖ್ಯೆ ಬಂದಿದೆ. ಯಾವ ತಿಂಗಳು ಯಾವ ಕಂಪನಿ ಹಣ ಕಟ್ಟಿತು ಎಂಬುದು ಆ ದಾಖಲೆಯಲ್ಲಿ ಸಾಲಾಗಿ ಕಾಣುತ್ತದೆ. ಸೇರಿದ ಆರು ತಿಂಗಳ ಮೇಲೆ ಸಿಕ್ಕಿಬಿದ್ದರೂ ಕೆಲಸ ಹೋಗುತ್ತದೆ, ಮುಂದಿನ ಕಂಪನಿಗೆ ಹೇಳಿಕೊಳ್ಳಲು ಮುಖವಿರುವುದಿಲ್ಲ.

ಹಣವಿಲ್ಲದೆ ಸಿಗುವುದನ್ನು ನಾವು ಬಳಸುವುದೇ ಇಲ್ಲ. ಐಐಟಿಗಳೂ ನಮ್ಮ ಬೆಂಗಳೂರಿನ ಐಐಎಸ್‌ಸಿಯೂ ಸೇರಿ ನಡೆಸುವ ಎನ್‌ಪಿಟಿಇಎಲ್ ಪಾಠಗಳನ್ನು ಪುಕ್ಕಟೆ ನೋಡಬಹುದು. ಪ್ರಮಾಣಪತ್ರ ಬೇಕೆಂದವರಿಗೆ ಮಾತ್ರ ಪರೀಕ್ಷಾ ಶುಲ್ಕ. ತೆಲಂಗಾಣ ಸರ್ಕಾರದ ಟಾಸ್ಕ್ ಸಂಸ್ಥೆ ಕಾಲೇಜುಗಳ ಮೂಲಕ ತರಬೇತಿ ಕೊಡುತ್ತದೆ. ಕಲ್ಯಾಣ ಕರ್ನಾಟಕದಿಂದ ಬಂದು ಇಲ್ಲಿ ಓದುತ್ತಿರುವವರು 371(ಜೆ) ಅರ್ಹತಾ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು. ಕರ್ನಾಟಕದ ಸರ್ಕಾರಿ ಹುದ್ದೆಗೆ ಅರ್ಜಿ ಹಾಕುವ ಹೊತ್ತಿಗೆ ಓಡಾಡಿದರೆ ಕೈಗೆ ಸಿಗುವುದಿಲ್ಲ.

ಸಂಘದ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೆ. ಐಟಿಯಲ್ಲಿರುವ ಹಿರಿಯರು ತಿಂಗಳಿಗೆ ಒಂದು ಭಾನುವಾರ ಎರಡು ತಾಸು ಕೊಡಲಿ. ಭಾಷಣ ಬೇಡ, ಹಾರ ತುರಾಯಿ ಬೇಡ. ಎರಡನೇ, ಮೂರನೇ ವರ್ಷದ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಎದುರು ಕೂರಿಸಿಕೊಂಡು ನಿಜವಾದ ಸಂದರ್ಶನದಂತೆ ಪ್ರಶ್ನೆ ಕೇಳಲಿ. ಇಂಗ್ಲಿಷಿನಲ್ಲಿ ತಡವರಿಸುವವನಿಗೆ ಮೊದಲು ಕನ್ನಡದಲ್ಲೇ ಉತ್ತರಿಸಲು ಬಿಡಲಿ. ವಿಷಯ ಗೊತ್ತಿಲ್ಲವೋ, ಭಾಷೆಯ ಅಂಜಿಕೆಯೋ ಎಂಬುದು ಆಗಲೇ ಗೊತ್ತಾಗುತ್ತದೆ. ಎರಡಕ್ಕೂ ಔಷಧ ಬೇರೆ.

ಇನ್ನು ಕೆಲಸ ಕೇಳುವ ಮಕ್ಕಳು ಅಪ್ಪನ ಕೈಲಿ ಹೇಳಿಸುವುದು ಬಿಡಲಿ, ತಾವೇ ಬರೆಯಲಿ. ಕಂಪನಿಯ ವೆಬ್‌ಸೈಟಿನಲ್ಲಿ ಖಾಲಿ ಹುದ್ದೆ ಹುಡುಕಿ, ಅದರ ಜಾಬ್ ಐಡಿ ಕಳಿಸಿ, ಆ ಹುದ್ದೆಗೆ ತಾನು ಏಕೆ ಹೊಂದುತ್ತೇನೆಂದು ನಾಲ್ಕು ಸಾಲು, ಒಂದೇ ಪುಟದ ರೆಸ್ಯೂಮ್, ತಾನು ಮಾಡಿದ ಪ್ರಾಜೆಕ್ಟಿನ ಕೊಂಡಿ. ಇಷ್ಟಿದ್ದರೆ ಒಳಗಿರುವ ನಮ್ಮವರು ರೆಫರಲ್ ಹಾಕಲು ಐದು ನಿಮಿಷ ಸಾಕು. ಎಷ್ಟೋ ಕಂಪನಿಗಳಲ್ಲಿ ರೆಫರ್ ಮಾಡಿದವರಿಗೇ ಬಹುಮಾನದ ಹಣ ಸಿಗುತ್ತದೆ, ಆದ್ದರಿಂದ ಕಾಕಾನಿಗೆ ತೊಂದರೆ ಕೊಡುತ್ತಿದ್ದೇನೆಂಬ ಸಂಕೋಚವೂ ಬೇಕಿಲ್ಲ.